ಹಳೇ ಬೆಕ್ಕಿಗಿ ಹೊಸ ಮರಿ ಹೊಂದ್ಕೊಬೇಕಂದ್ರ ಮೊದಲು ವಾಸನಿ, ಆಮ್ಯಾಲೆ ಮಾರಿ

ಅಕ್ಕಾ, ನೀವು ಬರ್ದಿದ್ದು ಪೂರಾ ಓದ್ದೆ. ಐದು ವರ್ಷದ ಚಿನ್ನಿ ಇದ್ದ ಮನಿಗಿ ಚಿಂಚೋಳಿಯಿಂದ ಎರಡು ತಿಂಗಳ ಮರಿ ತಂದೀರಿ, ತಂದ ದಿನಾನೇ ಚಿನ್ನಿ ಬುಟ್ಟ್ಯಾಗ ಮಲಗಿಸೀರಿ, ಒಂದೇ ತಾಟಿನಾಗ ಹಾಕೀರಿ, ಈಗ ಚಿನ್ನಿ ಅಲ್ಮಾರಿ ಮ್ಯಾಲೆ ಏರಿ ಕುಂತಾಳ, ಮರಿ ಕಂಡ್ರ ಬುಸ್ ಅಂತಾಳ, ನಿನ್ನೆಯಿಂದ ಸರಿ ತಿಂದಿಲ್ಲ, ನಿಮ್ಮ ಅತ್ತಿಯವರು ಮರಿ ವಾಪಸ್ ಕೊಟ್ಟು ಬಾ ಅನ್ಲಕತ್ತಾರ. ವಾಪಸ್ ಕೊಡಬ್ಯಾಡ್ರಿ. ಇಬ್ಬರ ಪರಿಚಯ ಗಡಿಬಿಡಿಲೆ ಆಗ್ಯಾದ, ಇವತ್ತಿಂದ ಮತ್ತ ಮೊದಲಿಂದ ಶುರು ಮಾಡಬಹುದು.

ಮೊದಲು ಊಟದ ಮಾತು. ದೊಡ್ಡ ಬೆಕ್ಕು ಎರಡು ಮೂರು ದಿನ ಏನೂ ತಿನ್ನದೆ ಇದ್ರ ಲಿವರ್‌ನಾಗ ಕೊಬ್ಬು ತುಂಬ್ಕೊಂಡು ಜೀವಕ್ಕ ಬರ್ತದ, ಮೈ ದಪ್ಪ ಇದ್ದ ಬೆಕ್ಕಿಗಿ ಇನ್ನೂ ಜಾಸ್ತಿ ಅಂಜಿಕಿ. ಅದಕ್ಕ ಇವತ್ತು ಅಕಿ ಕುಂತಲ್ಲೇ, ಅಲ್ಮಾರಿ ಮ್ಯಾಲೇನೆ, ತಾಟು ನೀರು ಇಡ್ರಿ, ಹಿಡ್ದು ಇಳಿಸ್ಲಕ ಹೋಗಬ್ಯಾಡ್ರಿ. ಒಂದು ದಿನ ಪೂರಾ ಏನೂ ಮುಟ್ಟಿಲ್ಲಂದ್ರ ತಡ ಮಾಡದೆ ದವಾಖಾನಿಗಿ ಒಯ್ರಿ.

ಆಮ್ಯಾಲೆ ಮರಿಗಿ ಒಂದು ಖೋಲಿ ಬ್ಯಾರೆ ಮಾಡ್ರಿ. ಚಿನ್ನಿ ದಿನಾ ಮಲಗೋ ಖೋಲಿ ಕೊಡಬ್ಯಾಡ್ರಿ, ಅಕಿ ಜಾಗ ಅಕಿಗೇ ಇರ್ಲಿ. ನಮ್ಮ ಕಡಿ ಬ್ಯಾಸಗ್ಯಾಗ ನಲವತ್ತೆರಡು ಡಿಗ್ರಿ ದಾಟ್ತದ, ಪತ್ರಾ ಹಾಕಿದ ಖೋಲ್ಯಾಗ ಸಣ್ಣ ಮರಿ ಹಾಕಿ ಬಾಗಿಲು ಮುಚ್ಚಿದ್ರ ಬೆಂದು ಹೋತದ, ಶಹಾಬಾದ್ ಪರ್ಸಿ ಹಾಸಿದ ತಂಪು ಖೋಲಿ ಇದ್ರ ಅದೇ ಚಲೋ. ಅಲ್ಲೇ ಅದರ ತಾಟು, ನೀರು, ಒಂದು ಮೂಲ್ಯಾಗ ಹೇಲು ಉಚ್ಚಿಗಿ ಉಸುಕು ಹಾಕಿದ ಟಬ್ಬು, ಅಡಗ್ಲಕ ಒಂದು ರಟ್ಟಿನ ಡಬ್ಬಿ. ಆಕಳ ಹಾಲು ಹಾಕಬ್ಯಾಡ್ರಿ, ಹೊಟ್ಟಿ ಕೆಡ್ತದ.

ಇದು ಬರೇ ಜಗಳ ತಪ್ಪಸ್ಲಕ ಅಲ್ರಿ. 2019ರಾಗ ನಾನೂ ನಿಮ್ಮಂಗೇ ಗಂಜ್ ಕಡಿಯಿಂದ ಒಂದು ಮರಿ ತಂದು ಅವತ್ತೇ ನಮ್ಮ ಹಳೇ ಬೆಕ್ಕಿನ ಕೂಡ ಬಿಟ್ಟೆ, ಮೂರನೇ ದಿನಕ್ಕ ಮರಿ ವಾಂತಿ ಭೇದಿ ಹಿಡ್ಕೊಂಡು ಹೋಗೇ ಬಿಡ್ತು, ಬೆಕ್ಕಿನ ಪಾರ್ವೊ ಅನ್ನೋ ವೈರಸ್ ರೋಗ ಅದು, ನಮ್ಮ ಹಳೇದಕ್ಕ ಮೊದಲೇ ಲಸಿಕಿ ಸೂಜಿ ಹಾಕ್ಸಿದ್ದಕ್ಕ ಉಳೀತು. ಆ ಮರಿ ಇನ್ನೂ ಕಣ್ಣಿಗಿ ಕಟ್ಟಿದಂಗ ಅದ. ಮೈಯಾಗ ರೋಗ ಇದ್ರೂ ಹೊರಗ ಕಾಣಲಕ ಹತ್ತು ದಿನದ ತನಕ ಹಿಡಿಬಹುದು, ಅದಕ್ಕೇ ಎರಡು ವಾರ ಬ್ಯಾರೆ ಇಡ್ರಿ ಅಂತೀನಿ. ಆ ವೈರಸ್ಸು ಮನ್ಯಾಗ ತಿಂಗಳಗಟ್ಟಲೆ ಇರ್ತದ, ಬರೇ ಸಾಬೂನಿಗಿ ಸಾಯಂಗಿಲ್ಲ, ಬ್ಲೀಚ್ ಬೇಕು. ಫಿನೈಲ್ ಮಾತ್ರ ಒರೆಸಬ್ಯಾಡ್ರಿ, ಬೆಕ್ಕು ಕಾಲು ನೆಕ್ತಾವ, ಅದು ಅವಕ್ಕ ವಿಷ. ನಿಮ್ಮ ಮರಿಗಿ ಎಂಟು ವಾರ ಆಗ್ಯಾದಂದ್ರ ಮೊದಲ್ನೇ ಸೂಜಿಗಿ ಟೈಮ್ ಬಂದದ, ಮುಂದ ಮೂರು ನಾಕು ವಾರಕ್ಕೊಂದು, ಹದಿನಾರು ವಾರ ಆಗೋತನಕ, ಮೂರು ತಿಂಗಳಿಗಿ ರೇಬೀಸ್‌ದು. ಜಂತಿನ ಔಷಧನೂ ಕೇಳ್ರಿ, ಚಿನ್ನೀದು ಬೂಸ್ಟರ್ ಬಾಕಿ ಅದೇನು ನೋಡ್ರಿ. ಗುಂಪಿನ್ಯಾಗ ಬೀದರ್‌ದವರು ಇದ್ರ ನಂದಿನಗರದ ವೆಟರ್ನರಿ ಕಾಲೇಜಿಗಿ ಒಯ್ಯಬಹುದು.

ಈಗ ಖರೇ ಕೆಲಸ, ವಾಸನಿದು. ಬೆಕ್ಕು ಕಣ್ಣಿಗಿಂತ ಮೂಗಿನ ಮ್ಯಾಲೆ ಜಾಸ್ತಿ ನಂಬಿಕಿ ಇಡ್ತದ. ಗಲ್ಲ ತಂದು ಬಾಗಿಲಿಗಿ, ನಿಮ್ಮ ಕಾಲಿಗಿ ತಿಕ್ಕತದಲ್ಲ, ಇದು ನಂದು ಅಂತ ತನ್ನ ವಾಸನಿ ಹಚ್ಚೋದು ಅದು. ಹಳೇ ಧೋತರದ ಎರಡು ತುಂಡು ತಗೊಂಡು ಒಂದರಿಂದ ಮರಿ ಗಲ್ಲ ಸಾವಕಾಶ ಒರೆಸ್ರಿ, ಇನ್ನೊಂದರಿಂದ ಚಿನ್ನೀದು, ಮರೀದು ಚಿನ್ನಿ ತಾಟಿನ ಹತ್ರ, ಚಿನ್ನೀದು ಮರಿ ಖೋಲ್ಯಾಗ. ಮೂಸಿ ಬುಸ್ ಅಂದ್ರ ಅನ್ಲಿ, ಬಟ್ಟಿ ಸ್ವಲ್ಪ ದೂರ ಸರಿಸ್ರಿ. ದಿನಾ ಹಿಂಗೇ ಮಾಡ್ರಿ, ಒಂದಿನ ಅಕಿ ಮೂಸಿ ಸುಮ್ಮನ ಉಣ್ಲಕ ಕೂಡ್ತಾಳ.

ಆಗ ಮುಚ್ಚಿದ ಬಾಗಿಲ ಈಚಿ ಕಡಿ ಚಿನ್ನಿಗಿ, ಆಚಿ ಕಡಿ ಮರಿಗಿ, ಒಂದೇ ಹೊತ್ತಿಗಿ ತಾಟು ಇಡ್ರಿ. ಬಾಗಿಲಿಗಿ ಹಚ್ಚಿ ಇಡಬ್ಯಾಡ್ರಿ, ಚಿನ್ನಿ ಅಂಜದೆ ತಿನ್ನೋ ದೂರ ಎಷ್ಟೋ ಅಷ್ಟು, ಆರು ಫೂಟಾದ್ರೂ ಆಗ್ಲಿ, ಅಲ್ಲಿಂದ ಊಟಕ್ಕೊಂದು ಗೇಣು ಸರಿಸ್ಕೋತ ಬರ್ರಿ. ತಿನ್ನದು ಬಿಟ್ಟು ಬಾಗಿಲು ನೋಡ್ಕೋತ ನಿಂತಳಂದ್ರ ನೀವು ಅವಸರ ಮಾಡೀರಿ ಅಂತ ತಿಳ್ಕೊಂಡು ಹಿಂದಕ್ಕ ಸರಿಸ್ರಿ. ನಾನು ಎರಡನೇ ಸಲ ಮರಿ ತಂದಾಗ ಇದೊಂದಕ್ಕೇ ಹನ್ನೊಂದು ದಿನ ಹಿಡೀತು, ಆದ್ರ ಮುಂದಿಂದೆಲ್ಲ ಹಗುರ ಆತು. ಆ ಎರಡು ವಾರ ಮುಗಿದ ಮ್ಯಾಲೆ ನಡುನಡುವ ಮರಿನ ಬ್ಯಾರೆ ಕಡಿ ಇಟ್ಟು ಚಿನ್ನಿನ ಅದರ ಖೋಲ್ಯಾಗ ತಿರುಗಾಡ್ಲಕ ಬಿಡ್ರಿ.

ಬಾಗಿಲ ಹತ್ರ ಕುಂತು ಇಬ್ಬರೂ ನಿರಾಳ ತಿಂದ್ರ, ಎರಡು ವಾರನೂ ಮುಗಿದಿದ್ರ, ಸೊಳ್ಳಿ ಜಾಳಗಿ ಬಾಗಿಲು ಇದ್ದಲ್ಲಿ ಮಾರಿ ತೋರಿಸ್ರಿ, ಅದೂ ತಿನ್ನೋ ಹೊತ್ತಿಗೇನೆ. ಎದುರಾ ಬದರಾ ಬಿಡೋದು ಅದಾದ ಮ್ಯಾಲೆ. ಬಿಡೋಕಿಂತ ಮೊದಲು ದಾರ ಆಡ್ಸಿ ಮರಿನ ದಣಿಸ್ರಿ, ಇಲ್ಲಂದ್ರ ಚಿನ್ನಿ ಬಾಲಕ್ಕೇ ಜಿಗೀತದ. ಮೊದಲ್ನೇ ದಿನ ಐದು ನಿಮಿಷ ಸಾಕು, ಯಾರನ್ನೂ ತೊಡಿ ಮ್ಯಾಲೆ ಹಿಡ್ಕೊಂಡು ಕೂಡಬ್ಯಾಡ್ರಿ, ಓಡ್ಬೇಕಂದ್ರ ದಾರಿ ಇರ್ಬೇಕು. ಬುಸ್ ಅನ್ನೋದು, ಒಂದು ಏಟು ಉಗುರು ಹೊರಗ ತೆಗೀದೆ ಹೊಡಿಯೋದು, ಅದು ಮರಿಗಿ ಬುದ್ಧಿ ಕಲಿಸೋದು, ನಡುವ ಬಾಯಿ ಹಾಕಬ್ಯಾಡ್ರಿ. ಕಿವಿ ತಲಿಗಿ ಅಂಟಿಸಿ, ಕಣ್ಣು ಕದಲಿಸದೆ ನೋಡ್ಕೋತ, ಬಾಲ ಪಟಪಟ ಹೊಡೀಲಕತ್ತಿದ್ರ ಮಾತ್ರ ನಡುವ ಒಂದು ದಿಂಬು ಇಲ್ಲ ರಟ್ಟು ಸರಿಸಿ ಬ್ಯಾರೆ ಮಾಡ್ರಿ, ಕೈ ಹಾಕಬ್ಯಾಡ್ರಿ. ಚಿನ್ನಿಗಿ ಬೈಯೋದು, ನೀರು ಚಿಮ್ಮಸೋದು ಬ್ಯಾಡೇ ಬ್ಯಾಡ, ಮರಿ ಬಂದ್ರ ನನಗ ಬೈಗಳ ಅಂತ ಅಕಿ ದಿಮಾಗಿನಾಗ ಕೂತುಬಿಡ್ತದ.

ಉಸುಕಿನ ಟಬ್ಬು ಎರಡು ಬೆಕ್ಕಿಗಿ ಮೂರು ಇಡ್ರಿ, ಬ್ಯಾರೆ ಬ್ಯಾರೆ ಜಾಗದಾಗ. ಚಿನ್ನಿ ಹಾಸಿಗಿ ಮ್ಯಾಲೆ ಉಚ್ಚಿ ಹೊಯ್ದ್ರ ಸಿಟ್ಟಿಗಿ ಮಾಡ್ಯಾಳ ಅನ್ಕೋಬ್ಯಾಡ್ರಿ, ಅಂಜಿಕೀಲೆ ಮಾಡ್ತಾವ, ಮೂತ್ರದ ತ್ರಾಸೂ ಇರಬಹುದು, ಡಾಕ್ಟರ್ ಹತ್ರ ಕೇಳ್ರಿ.

ಅತ್ತಿಯವರಿಗಿ ಒಂದು ತಿಂಗಳು ಟೈಮ್ ಕೇಳ್ರಿ. ಚಿನ್ನಿಗಿ ಊಟ ಹಾಕೋದು ಅವರ ಕೈಲೇ ಮಾಡ್ಸ್ರಿ, ಚಿನ್ನಿ ಅವರಿಗಿ ಭಾಳ ಹಚ್ಕೊಂಡದ ಅಂತ ಬರ್ದೀರಲ್ಲ, ಹಳೇ ಮಂದಿ ಕೈಯಿಂದನೇ ಊಟ ಸಿಕ್ಕಿದ್ರ ಅಕಿಗಿ ಧೈರ್ಯ ಬರ್ತದ. ನೀವೂ ದಿನಾ ಮರಿ ಖೋಲಿಗಿ ಹೋಗೋಕಿಂತ ಮೊದಲು ಚಿನ್ನಿ ಹತ್ರ ಒಂದು ಹತ್ತು ನಿಮಿಷ ಕೂಡ್ರಿ.

ಇವತ್ತು ಸಂಜಿಗಿ ಅಲ್ಮಾರಿ ಮ್ಯಾಲಿನ ತಾಟು ಖಾಲಿ ಆಗ್ಯಾದೋ ಇಲ್ಲೋ ಅಷ್ಟು ಇಲ್ಲೇ ಬರೀರಿ ಅಕ್ಕಾ, ನಾನು ನೋಡ್ತಿರ್ತೀನಿ.