ಕ್ಯಾನ್ಸರ್ ವಾರ್ಡಿನ ನರ್ಸ್‌ಗೆ ಕರುಣೆಯೊಂದಿದ್ದರೆ ಸಾಕೇ?

ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮುಗಿಸಿ ಕ್ಯಾನ್ಸರ್ ವಾರ್ಡಿಗೆ ಸೇರಲಿದ್ದೀರಿ, ಕರುಣೆಯ ಜೊತೆಗೆ ಇನ್ನೇನು ಬೇಕು ಎಂದು ಕೇಳಿದ್ದೀರಿ. ಬೆಂಗಳೂರಿನಲ್ಲಿ ಕೀಮೋ (ಔಷಧಿಯಿಂದ ಕ್ಯಾನ್ಸರ್‌ಗೆ ಕೊಡುವ ಚಿಕಿತ್ಸೆ) ವಾರ್ಡಿನ ನರ್ಸ್ ಆಗಿರುವ ನನ್ನ ಪ್ರಕಾರ ಮೊದಲು ಬೇಕಾದದ್ದು ಚುರುಕು ಕಣ್ಣು, ಕೇಳುವ ಬಾಯಿ. ಕರುಣೆ ಆಮೇಲೆ.

ಡಾಕ್ಸೊರುಬಿಸಿನ್ ಎಂಬ ಕೆಂಪು ಕೀಮೋ ಔಷಧಿಯನ್ನೇ ತೆಗೆದುಕೊಳ್ಳಿ. ರಕ್ತನಾಳದಿಂದ ಆಚೆ ಸೋರಿದರೆ ಅದು ಸುತ್ತಲಿನ ಚರ್ಮ, ಮಾಂಸವನ್ನು ಕೊಳೆಸಿಬಿಡಬಲ್ಲದು. ಕೊಡುವ ಮುನ್ನ ಸೂಜಿಯ ನಳಿಕೆಯೊಳಗೆ ರಕ್ತ ಸರಾಗವಾಗಿ ಹಿಂದಕ್ಕೆ ಬರುತ್ತದೆಯೇ ಎಂದು ನೋಡಬೇಕು. ಔಷಧಿ ಹೋಗುತ್ತಿರುವಾಗ ಸೂಜಿ ಚುಚ್ಚಿದ ಕೈಯನ್ನು ಹೊದಿಕೆಯೊಳಗೆ ಸೇರಿಸಲು ಬಿಡಬಾರದು. ‘ಉರಿಯುತ್ತಿದೆ ಸಿಸ್ಟರ್’ ಎಂದರೆ ತಕ್ಷಣ ನಿಲ್ಲಿಸಬೇಕು. ಆದರೆ ನಮ್ಮ ವಯಸ್ಸಾದ ರೋಗಿಗಳು ಅಷ್ಟು ಸುಲಭವಾಗಿ ಹೇಳುವವರಲ್ಲ. ನಿಮಗೇಕೆ ತೊಂದರೆ ಎಂದು ಹಲ್ಲು ಕಚ್ಚಿ ಕೂರುತ್ತಾರೆ. ನಾವೇ ಮತ್ತೆ ಮತ್ತೆ ಕೇಳಬೇಕು. ಮೂತ್ರ ಕೆಂಪಾಗಿ ಹೋಗುತ್ತದೆ, ಅದು ಔಷಧಿಯ ಬಣ್ಣ ಎಂದೂ ಮೊದಲೇ ತಿಳಿಸಿ. ಇಲ್ಲದಿದ್ದರೆ ರಕ್ತವೆಂದು ಹೆದರಿ ನಿದ್ದೆಗೆಡುತ್ತಾರೆ.

ಜ್ವರದ ವಿಷಯದಲ್ಲಿ ನಾನು ಸ್ವಲ್ಪ ಕಠಿಣ. ಹಲವು ಕೀಮೋಗಳಲ್ಲಿ ಔಷಧಿ ಕೊಟ್ಟ 7ರಿಂದ 14ನೇ ದಿನದೊಳಗೆ, ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳು ತೀರಾ ಕುಸಿಯುತ್ತವೆ. ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೂ ತುರ್ತೇ. ಕಷಾಯ ಕುಡಿದು ಬೆಳಿಗ್ಗೆ ನೋಡೋಣ ಎನ್ನುವಂತಿಲ್ಲ. ದೂರದ ರಾಯಚೂರು, ಬೀದರ್‌ನಿಂದ ಬಂದವರಿಗೆ ಥರ್ಮಾಮೀಟರ್ ಕೊಟ್ಟು ಅಂಕಿ ಓದಿಸಿ ನೋಡುತ್ತೇನೆ. ನಡುರಾತ್ರಿ ಯಾವ ಆಸ್ಪತ್ರೆಗೆ ಓಡುತ್ತೀರಿ ಎಂದೂ ವಿಚಾರಿಸುತ್ತೇನೆ.

ನೋವಿಗೆ ಮಾರ್ಫಿನ್ ಬರೆದರೆ ‘ಚಟ ಹತ್ತುವುದಿಲ್ಲವೇ?’ ಎಂದು ಮನೆಯವರು ಹಿಂಜರಿಯುತ್ತಾರೆ. ವೈದ್ಯರು ಹೇಳಿದ ಪ್ರಮಾಣದಲ್ಲಿ ನೋವಿಗೆಂದು ಕೊಟ್ಟರೆ ಆ ಭಯ ಬೇಡ ಎಂದು ಬಿಡಿಸಿ ಹೇಳಿ. ಮಲಬದ್ಧತೆ ಮಾತ್ರ ಬಂದೇ ಬರುತ್ತದೆ ಎಂದುಕೊಳ್ಳಿ. ಅದರ ಮಾತ್ರೆಯೂ ಚೀಟಿಯಲ್ಲಿದೆಯೇ ನೋಡಿ.

ನಿಜವಾದ ಕಷ್ಟ ಇರುವುದು ಬೇರೆ ಕಡೆ. ಮಗ ಬಾಗಿಲಲ್ಲೇ ತಡೆದು, ‘ಅಪ್ಪನಿಗೆ ಕ್ಯಾನ್ಸರ್ ಎನ್ನಬೇಡಿ, ಗಡ್ಡೆ ಎಂದಿದ್ದೇವೆ’ ಎನ್ನುತ್ತಾನೆ. ರಾತ್ರಿ ಪಾಳಿಯಲ್ಲಿ ಅದೇ ಅಪ್ಪ ‘ನನಗೇನಾಗಿದೆಯಮ್ಮ?’ ಎಂದು ಕೇಳುತ್ತಾರೆ. ಸುಳ್ಳು ಹೇಳುವಂತಿಲ್ಲ, ರೋಗದ ಹೆಸರನ್ನು ನಾವಾಗಿ ಬಾಯಿಬಿಡುವಂತೆಯೂ ಇಲ್ಲ. ‘ನಿಮಗೇನು ಅನಿಸುತ್ತಿದೆ?’ ಎಂದು ಪಕ್ಕದಲ್ಲಿ ಕುಳಿತು ಕೇಳಿ. ಆಸ್ಪತ್ರೆಯ ಬೋರ್ಡು ಓದಿದವರಿಗೆ ಅರ್ಧ ವಿಷಯ ಆಗಲೇ ಗೊತ್ತಿರುತ್ತದೆ. ಬೆಳಿಗ್ಗೆ ವೈದ್ಯರಿಗೆ ತಿಳಿಸಿ, ಮಗನನ್ನೂ ಕೂರಿಸಿ ಮಾತನಾಡಿಸಿ.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ: ಕೀಮೋ ಔಷಧಿ ಮುಟ್ಟಿದವರಿಗೂ ಹಾನಿ ಮಾಡಬಲ್ಲದು, ಹಾಗಾಗಿ ಸೇರುವ ಮುನ್ನ ಅಲ್ಲಿ ಕೀಮೋ ಕೆಲಸಕ್ಕೆ ತಕ್ಕ ಗ್ಲೌಸ್, ಗೌನ್ ಕೊಡುತ್ತಾರೆಯೇ ವಿಚಾರಿಸಿ. ಕೀಮೋ ಆದ ಮೊದಲ 48 ಗಂಟೆ ರೋಗಿಯ ವಾಂತಿ, ಮೂತ್ರವನ್ನೂ ಬರಿಗೈಯಲ್ಲಿ ಮುಟ್ಟಬಾರದು. ಮುಂದೆ ಗರ್ಭಿಣಿಯಾದರೆ ಸಂಕೋಚವಿಲ್ಲದೆ ತಕ್ಷಣವೇ ಮೇಲಿನವರಿಗೆ ತಿಳಿಸಿ ಬೇರೆ ವಾರ್ಡು ಕೇಳಿಕೊಳ್ಳಿ.