20 ಸಾವಿರದೊಳಗೆ ಹೋಮ್ ಥಿಯೇಟರ್ ಪಿಸಿ ಆಗುತ್ತದಾ? ಆಗುತ್ತದೆ, ಆದರೆ ಹೊಸದು ಕಟ್ಟಬೇಡಿ

ನಿಮ್ಮ ಪ್ರಶ್ನೆ ಇಷ್ಟು: ಉಡುಪಿಯಲ್ಲಿ ಮನೆ, 43 ಇಂಚಿನ 4ಕೆ ಟಿವಿ ಈಗಾಗಲೇ ಉಂಟು, ಕೈಯಲ್ಲಿ 20,000 ರೂಪಾಯಿ. ಹೊಸ ಪಾರ್ಟ್ಸ್ ತಂದು, ಟಿವಿಗೆ ಜೋಡಿಸಿ ಸಿನಿಮಾ ನೋಡುವಂಥ ಪಿಸಿ ಕಟ್ಟಬಹುದಾ, ಗ್ರಾಫಿಕ್ಸ್ ಕಾರ್ಡ್ ಬೇಕಾ ಅಂತ.

ಗ್ರಾಫಿಕ್ಸ್ ಕಾರ್ಡ್ ಬೇಡವೇ ಬೇಡ. ಹೊಸ ಪಾರ್ಟ್ಸೂ ಬೇಡ. ಆಫೀಸಿನವರು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಮಿನಿ ಪಿಸಿ ಒಂದನ್ನು ತನ್ನಿ, ಉಳಿದ ದುಡ್ಡನ್ನು ಸ್ಪೀಕರ್ ಮತ್ತು ಯುಪಿಎಸ್‌ಗೆ ಹಾಕಿ.

ಅದಕ್ಕೂ ಮೊದಲು ಒಂದು ಮಾತು, ಬೇಜಾರು ಮಾಡ್ಕೋಬೇಡಿ. ನೀವು ನೋಡುವುದು ಬರೀ ನೆಟ್‌ಫ್ಲಿಕ್ಸ್, ಪ್ರೈಮ್, ಯೂಟ್ಯೂಬ್ ಆದರೆ ಪಿಸಿಯೇ ಬೇಡ. ಪಿಸಿಯ ಬ್ರೌಸರ್‌ನಲ್ಲಿ ನೆಟ್‌ಫ್ಲಿಕ್ಸ್ 4ಕೆ ಬರಬೇಕಾದರೆ ಹತ್ತಾರು ಶರತ್ತು. ಲಿನಕ್ಸ್‌ನಲ್ಲಂತೂ ಬರುವುದೇ ಇಲ್ಲ. ಆ ಕೆಲಸಕ್ಕೆ ಟಿವಿಯ ಆಪ್ ಅಥವಾ ಟಿವಿಗೆ ಚುಚ್ಚುವ ಒಂದು ಸ್ಟ್ರೀಮಿಂಗ್ ಸ್ಟಿಕ್ ಸಾಕು. ನಾನೂ ಅವನ್ನು ಟಿವಿಯ ಆಪ್‌ನಲ್ಲೇ ನೋಡುವುದು.

ಪಿಸಿ ಬೇಕಾಗುವುದು ಸ್ವಂತ ಫೈಲು ಇಟ್ಟುಕೊಂಡವರಿಗೆ. ನಮ್ಮ ಮನೆ ಮಂಗಳೂರಿನ ಬಿಜೈಯಲ್ಲಿ. ಅಪ್ಪನಿಗೆ ಯಕ್ಷಗಾನದ ಹುಚ್ಚು. ಕಪಾಟು ತುಂಬ ಡಿವಿಡಿ: ಬಯಲಾಟ, ತಾಳಮದ್ದಳೆ, ನಡುವೆ ಅಕ್ಕನ ಮದುವೆ, ಕುಟುಂಬದ ನೇಮ (ದೈವದ ಕೋಲ). ಒಂದು ಮಳೆಗಾಲ ಮುಗಿಯುವಾಗ ಅರ್ಧಕ್ಕರ್ಧ ಡಿಸ್ಕಿನ ಮೇಲೆ ಬೂಷ್ಟು. ಒರೆಸಿ ಒರೆಸಿ ಎಲ್ಲವನ್ನೂ ಹಾರ್ಡ್‌ಡಿಸ್ಕಿಗೆ ಹಾಕಿದೆ. ಒಂದು ಮಾಮೂಲಿ ಡಿವಿಡಿ ಅಂದರೆ ಹೆಚ್ಚೆಂದರೆ 4.7 ಜಿಬಿ, 2 ಟಿಬಿ ಡಿಸ್ಕಿನಲ್ಲಿ 400 ಹಿಡಿಯುತ್ತದೆ. ಹಾಗಾಗಿ ಜಾಗ ಉಳಿಸಲಿಕ್ಕೆ ಅಂತ ಮತ್ತೆ ಕಂಪ್ರೆಸ್ ಮಾಡಬೇಡಿ, ಇದ್ದ ಚಿತ್ರವೂ ಹಾಳಾಗುತ್ತದೆ. ಆ ಡಿಸ್ಕನ್ನು ಟಿವಿಗೆ ಚುಚ್ಚಿದರೆ ಕೆಲವು ಫೈಲು ತೆರೆಯಲೇ ಇಲ್ಲ, ಕೆಲವಕ್ಕೆ ಸ್ವರ ಇಲ್ಲ. ಪಿಸಿ ಬಂದದ್ದು ಹಾಗೆ.

ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ, ಲೆನೊವೊ ಥಿಂಕ್‌ಸೆಂಟರ್ ಟೈನಿ ಅಂತ ಸಿಗುತ್ತವೆ. ಎಲ್ಲ ಒಂದೇ ಗಾತ್ರ, ಒಂದು ಸ್ವೀಟ್ ಬಾಕ್ಸಿನಷ್ಟು. ನನ್ನದು ಇಂಟೆಲ್ ಐ5-7500ಟಿ ಪ್ರೊಸೆಸರ್, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಆಗ 11,000 ಕೊಟ್ಟಿದ್ದೆ. ಈಗ ರೇಟು ಹೆಚ್ಚು ಕಡಿಮೆ ಇರಬಹುದು, ವಿಚಾರಿಸಿ.

ಇಲ್ಲಿ ಜಾಗ್ರತೆ ಬೇಕು. ಹಂಪನಕಟ್ಟೆಯ ಒಂದು ಅಂಗಡಿಯಲ್ಲಿ ನನಗೆ ಮೊದಲು ತೋರಿಸಿದ್ದು ನಾಲ್ಕನೇ ಜನರೇಷನ್ನಿನದು, ಅಂದರೆ ಇಂಟೆಲ್ ಪ್ರೊಸೆಸರಿನ ಹಳೇ ಪೀಳಿಗೆಯದು. "ಐ5 ಅಂದ್ರೆ ಐ5 ಸರ್, ಜನರೇಷನ್ ಯಾವುದಾದ್ರೆ ಎಂತ?" ಅಂದರು. ಟೈಪ್ ಮಾಡಲಿಕ್ಕೆ ವ್ಯತ್ಯಾಸ ಎಂತದೂ ಇಲ್ಲ, ವಿಡಿಯೋ ನೋಡಲಿಕ್ಕೆ ತುಂಬ ಉಂಟು. ಈಗಿನ 4ಕೆ ಫೈಲುಗಳು ಹೆಚ್ಚಾಗಿ ಎಚ್‌ಇವಿಸಿ 10 ಬಿಟ್, ಅಂದರೆ ವಿಡಿಯೋವನ್ನು ಕುಗ್ಗಿಸಿ ಇಡುವ ಒಂದು ವಿಧಾನ. ಅದನ್ನು ಬಿಡಿಸುವ ಸರ್ಕ್ಯೂಟು ಚಿಪ್ಪಿನೊಳಗೇ ಇದ್ದರೆ ಪ್ರೊಸೆಸರಿಗೆ ಶ್ರಮವೇ ಇಲ್ಲ, ಫ್ಯಾನ್ ಸದ್ದೂ ಇಲ್ಲ. ಇಲ್ಲದಿದ್ದರೆ ಪ್ರೊಸೆಸರೇ ಹೆಣಗಬೇಕು, ಚಿತ್ರ ತಡವರಿಸುತ್ತದೆ. ಇಂಟೆಲ್‌ನಲ್ಲಿ ಇದು ಪೂರ್ತಿಯಾಗಿ ಬಂದದ್ದು ಏಳನೇ ಜನರೇಷನ್ನಿನಿಂದ. ಆರನೆಯದು 8 ಬಿಟ್‌ಗೆ ನಿಲ್ಲುತ್ತದೆ. ಅದಕ್ಕಿಂತ ಹೊಸ ವಿಧಾನವಾದ ಎವಿ1 ಕೂಡ ಬೇಕು ಅಂದರೆ ಹನ್ನೊಂದಕ್ಕೆ ಹೋಗಬೇಕು, ಆ ದುಡ್ಡು ನಿಮ್ಮ ಬಜೆಟ್ಟಿಗೆ ಭಾರ. ಗುರುತು ಸುಲಭ: 4590 ಅಂದರೆ ನಾಲ್ಕನೇದು, 7500 ಅಂದರೆ ಏಳನೇದು, 8500 ಅಂದರೆ ಎಂಟನೇದು.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವ್‌ನಲ್ಲಿ ಎಚ್‌ಇವಿಸಿ 10 ಬಿಟ್‌ನ ಒಂದು 4ಕೆ ಕ್ಲಿಪ್ ಹಾಕಿಕೊಂಡು ಹೋಗಿ. ಅಲ್ಲೇ ಹಾಕಿಸಿ, ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಪ್ರೊಸೆಸರ್ ಹತ್ತು ಇಪ್ಪತ್ತು ಶೇಕಡಾದಲ್ಲಿ ಆರಾಮಾಗಿದ್ದರೆ ಸರಿ. ತೊಂಬತ್ತಕ್ಕೆ ಏರಿದರೆ ಥ್ಯಾಂಕ್ಸ್ ಹೇಳಿ ಹೊರಡಿ.

ಇನ್ನೊಂದು ಎಡವುವ ಜಾಗ ಪೋರ್ಟು. ಈ ಹಳೇ ಡಬ್ಬಿಗಳಲ್ಲಿ ಎಚ್‌ಡಿಎಂಐ ಇದ್ದರೂ ಅದು ಹೆಚ್ಚಾಗಿ 1.4. ಅದರಲ್ಲಿ 4ಕೆ ಸೆಕೆಂಡಿಗೆ 30 ಫ್ರೇಮ್ ಮಾತ್ರ, ಮೌಸ್ ಪಾಯಿಂಟರ್ ಕೂಡ ಎಳೆದ ಹಾಗೆ ಓಡುತ್ತದೆ. ಪಕ್ಕದಲ್ಲಿ ಡಿಸ್‌ಪ್ಲೇಪೋರ್ಟ್ ಇರುತ್ತದೆ, ಅಲ್ಲಿಂದ ಎಚ್‌ಡಿಎಂಐ 2.0ಗೆ ಬದಲಾಯಿಸುವ 'ಆಕ್ಟಿವ್' ಅಡಾಪ್ಟರ್ ತನ್ನಿ, 60 ಬರುತ್ತದೆ. ಆಕ್ಟಿವ್ ಅಂತ ಬರೆದಿರಬೇಕು. ಸುಮ್ನೆ 200 ರೂಪಾಯಿಯ ಕೇಬಲ್ ತಂದರೆ ಆಗುವುದಿಲ್ಲ.

ಸಾಫ್ಟ್‌ವೇರ್‌ಗೆ ಖರ್ಚಿಲ್ಲ. ಏಳನೇ ಜನರೇಷನ್ನಿಗೆ ವಿಂಡೋಸ್ 11 ಬೆಂಬಲ ಹೆಚ್ಚುಕಡಿಮೆ ಇಲ್ಲ ಅಂತಲೇ ಇಟ್ಟುಕೊಳ್ಳಿ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಾನು ಹಾಕಿದ್ದು ವಿಂಡೋಸ್ ಬದಲಿಗೆ ಹಾಕುವ, ಲಿನಕ್ಸ್ ಆಧಾರದ ಲಿಬ್ರೆಎಲೆಕ್. ಆನ್ ಮಾಡಿದರೆ ನೇರ ಕೋಡಿ ಎಂಬ ವಿಡಿಯೋ ಪ್ಲೇಯರ್ ತೆರೆಯುತ್ತದೆ, ಬೇರೆ ಎಂತದೂ ಇಲ್ಲ. ಮೊದಲು ಎಕ್ಸ್‌ಬಾಕ್ಸ್ ಗೇಮ್ ಯಂತ್ರಕ್ಕೆಂದು ಹುಟ್ಟಿದ ಪ್ಲೇಯರ್ ಅದು, 2014ರಲ್ಲಿ ಕೋಡಿ ಅಂತ ಹೆಸರು ಬದಲಾಯಿತು. ಅಮ್ಮನಿಗೂ ಎರಡೇ ದಿನದಲ್ಲಿ ಬಂತು.

ಮೊದಲ ರಾತ್ರಿ ಅಪ್ಪನಿಗೆ ಒಂದು ಹಳೇ ಆಟ ಹಾಕಿಕೊಟ್ಟೆ. ಅಭಿಮನ್ಯು ನಿಂತು ಮಾತಾಡುವಾಗ ಚಂದ ಇತ್ತು. ಚೆಂಡೆ ಏರಿತು, ವೇಷದ ಹುಡುಗ ದಿಗಿಣ (ಹಾರಿ ಹಾರಿ ಸುತ್ತುವ ಕುಣಿತ) ಹಾಕಲಿಕ್ಕೆ ಶುರು ಮಾಡಿದ. ವೇಷದ ಅಂಚೆಲ್ಲ ಬಾಚಣಿಗೆ ಹಲ್ಲು! "ಇದೆಂತ ಮಾರಾಯ, ಚಕ್ರವ್ಯೂಹಕ್ಕೆ ಹೋಗುವ ಮೊದಲೇ ಗರಗಸದಲ್ಲಿ ಕೊಯ್ದ ಹಾಗೆ ಕಾಣ್ತದೆ" ಅಂದರು ಅಪ್ಪ. ಪಿಸಿಯದ್ದು ತಪ್ಪಲ್ಲ. ನಮ್ಮ ಕಡೆಯ ಡಿವಿಡಿಗಳಲ್ಲಿ ಸೆಕೆಂಡಿಗೆ 25 ಫ್ರೇಮ್, ಒಂದೊಂದೂ ಎರಡು ಅರ್ಧಗಳಾಗಿ ಒಂದು ಗೆರೆ ಬಿಟ್ಟು ಒಂದು ಗೆರೆ ರೆಕಾರ್ಡ್ ಆಗಿರುತ್ತದೆ. ಆ ಎರಡು ಅರ್ಧಗಳ ನಡುವೆ ಕಲಾವಿದ ಅಷ್ಟು ದೂರ ತಿರುಗಿರುತ್ತಾನೆ, ಅದೇ ಬಾಚಣಿಗೆ. ಕೋಡಿಯಲ್ಲಿ ವಿಡಿಯೋ ಓಡುತ್ತಿರುವಾಗಲೇ ವಿಡಿಯೋ ಸೆಟ್ಟಿಂಗ್ ತೆರೆದು, ಈ ಬಾಚಣಿಗೆ ತೆಗೆಯುವ ಡಿಇಂಟರ್‌ಲೇಸ್ ಆಯ್ಕೆ ಹಾಕಿ. ವಿಎಲ್‌ಸಿ ಆದರೆ ಕೀಬೋರ್ಡಿನ ಡಿ ಒತ್ತಿದರೆ ಸಾಕು. ಜೊತೆಗೆ, ವಿಡಿಯೋಗೆ ತಕ್ಕಂತೆ ರಿಫ್ರೆಶ್ ರೇಟ್ (ಟಿವಿ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಯಿಸುತ್ತದೆ ಅನ್ನುವುದು) ಬದಲಾಯಿಸುವ ಆಯ್ಕೆ ಕೋಡಿಯ ಪ್ಲೇಯರ್ ಸೆಟ್ಟಿಂಗ್‌ನಲ್ಲಿ ಉಂಟು, ಅದನ್ನೂ ಆನ್ ಮಾಡಿ. ಟಿವಿ 50 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 50 ಅರ್ಧಗಳ ಲೆಕ್ಕಕ್ಕೆ, ಹೋದ ಮೇಲೆ ದಿಗಿಣ ಬೆಣ್ಣೆಯ ಹಾಗೆ ಸುತ್ತಿತು. ಆ ರಾತ್ರಿ ಅಪ್ಪ ಮಲಗಿದ್ದು ಎರಡು ಗಂಟೆಗೆ.

ಸ್ವರದ ವಿಷಯ ಚಿಕ್ಕದು. ಎರಡೇ ಸ್ಪೀಕರ್ ಇದ್ದರೆ ಆಡಿಯೋ ಸೆಟ್ಟಿಂಗ್‌ನಲ್ಲಿ ಚಾನೆಲ್ 2.0 ಅಂತಲೇ ಇಡಿ. ದೊಡ್ಡದು ಒಳ್ಳೆಯದು ಅಂತ ಆರು ಸ್ಪೀಕರಿನ 5.1 ಇಟ್ಟರೆ ಸಿನಿಮಾದ ಮಾತೆಲ್ಲ ಇಲ್ಲದ ನಡುವಿನ ಸ್ಪೀಕರಿಗೆ ಹೋಗುತ್ತದೆ. ಸಂಗೀತ ಕೇಳುತ್ತದೆ, ಮಾತು ಕೇಳುವುದಿಲ್ಲ. ಟಿವಿಯ ಸ್ಪೀಕರಲ್ಲಿ ಚೆಂಡೆ ತಗಡು ಬಡಿದ ಹಾಗಿರುತ್ತದೆ, ಅದಕ್ಕೇ ಹೇಳಿದ್ದು ಉಳಿದ ದುಡ್ಡು ಸ್ಪೀಕರಿಗೆ ಅಂತ.

ರಿಮೋಟು ನನ್ನನ್ನು ಒಂದು ವಾರ ಗೋಳು ಹೊಯ್ದುಕೊಂಡಿತು. ಯುಎಸ್‌ಬಿ ಡಾಂಗಲ್ (ಪಿಸಿಗೆ ಚುಚ್ಚುವ ಸಣ್ಣ ರಿಸೀವರ್) ಇರುವ ಏರ್ ರಿಮೋಟ್ ತಂದಿದ್ದೆ. ಸೋಫಾದಿಂದ ಒತ್ತಿದರೆ ಮೂರರಲ್ಲಿ ಒಂದು ಸಲ ಕೆಲಸ ಮಾಡುತ್ತಿತ್ತು. ಸೆಲ್ ಬದಲಾಯಿಸಿದೆ, ರಿಮೋಟ್ ಬದಲಾಯಿಸಲಿಕ್ಕೂ ಹೊರಟಿದ್ದೆ. ಕಾರಣ ಬೇರೆ: ಡಾಂಗಲ್ ಪಕ್ಕದಲ್ಲೇ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಚುಚ್ಚಿದ್ದೆ. ಅದು ಓಡುವಾಗ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಎಬ್ಬಿಸುತ್ತದೆ, ರಿಮೋಟ್ ಮಾತಾಡುವುದೂ ಅಲ್ಲೇ. ಅರ್ಧ ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನು ಟಿವಿಯ ಮುಂದಕ್ಕೆ ತಂದೆ, ಸರಿಯಾಯಿತು. ಖರ್ಚು 80 ರೂಪಾಯಿ.

ಇನ್ನು ನಮ್ಮ ಊರಿನ ಕರೆಂಟು. ಸಣ್ಣ 600 ವಿಎ ಯುಪಿಎಸ್ ಸಾಕು, ಈ ಡಬ್ಬಿ ತಿನ್ನುವುದು ಕಡಿಮೆ. ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗುವ ಆಯ್ಕೆ ಬಯಾಸ್‌ನಲ್ಲಿ (ಪಿಸಿ ಆನ್ ಆಗುವಾಗಲೇ ತೆರೆಯಬಹುದಾದ ಮೂಲ ಸೆಟ್ಟಿಂಗ್) ಇರುತ್ತದೆ, ಹಾಕಿಡಿ. ಆದರೆ ಸಿಡಿಲಿಗೆ ಯುಪಿಎಸ್ ನಂಬಬೇಡಿ. ಮೇ ತಿಂಗಳ ಸಂಜೆ, ಮತ್ತೆ ಅಕ್ಟೋಬರಿನಲ್ಲಿ ಗುಡುಗು ಶುರುವಾಗುವ ಮೊದಲೇ ಪ್ಲಗ್ ಮಾತ್ರ ಅಲ್ಲ, ಡಿಶ್ ಕೇಬಲ್, ಲ್ಯಾನ್ ಕೇಬಲ್ ಎಲ್ಲ ಎಳೆದಿಡಿ. ಕುಂದಾಪುರದ ಮಾವನ ಮನೆಯಲ್ಲಿ ಪ್ಲಗ್ ತೆಗೆದಿದ್ದರು, ಡಿಶ್ ಕೇಬಲ್ ಬಿಟ್ಟಿದ್ದರು. ಸೆಟ್‌ಟಾಪ್ ಬಾಕ್ಸ್ ಹೋಯಿತು, ಅದರ ಹಿಂದೆಯೇ ಟಿವಿಯ ಎಚ್‌ಡಿಎಂಐ ಪೋರ್ಟೂ ಹೋಯಿತು.

ಡಬ್ಬಿಯನ್ನು ಗಾಜಿನ ಬಾಗಿಲಿನ ಶೋಕೇಸ್ ಒಳಗೆ ಇಡಬೇಡಿ. ಮಳೆಗಾಲದಲ್ಲಿ ನೋಡಲು ಎಂತದೂ ಇಲ್ಲದಿದ್ದರೂ ದಿನಕ್ಕೆ ಒಂದು ಗಂಟೆ ಓಡಿಸಿ, ಒಳಗಿನ ಬಿಸಿಗೆ ಪಸೆ ಆರುತ್ತದೆ. ನಿಮ್ಮ ಮನೆ ಮಲ್ಪೆ ಕಡೆಗಾದರೆ ವರ್ಷಕ್ಕೊಮ್ಮೆ ಮುಚ್ಚಳ ತೆಗೆದು ನೋಡಿ. ನನ್ನ ಗೆಳೆಯನ ಮನೆ ಅಲ್ಲಿ ಕಡಲಿನ ಹತ್ತಿರ, ಅವನ ಪಿಸಿಯ ಸ್ಕ್ರೂಗಳು ಎರಡೇ ವರ್ಷಕ್ಕೆ ತುಕ್ಕು ಹಿಡಿದು ಡ್ರೈವರಿಗೆ ಸಿಗುತ್ತಿಲ್ಲ.

ಲೆಕ್ಕ ಬೇಕಾದರೆ: ಡಬ್ಬಿ, ಅಡಾಪ್ಟರ್, ರಿಮೋಟು, ಯುಪಿಎಸ್ ಸೇರಿ ನನಗೆ 16,000ದ ಹತ್ತಿರ ಆಯಿತು. ಹಾರ್ಡ್‌ಡಿಸ್ಕ್ ಮೊದಲೇ ಇತ್ತು. ನಿಮ್ಮಲ್ಲಿ ಇಲ್ಲವಾದರೆ ಸ್ಪೀಕರನ್ನು ಮುಂದಿನ ಚೌತಿಗೆ ತಳ್ಳಿ, ಯುಪಿಎಸ್ ಮಾತ್ರ ಮುಂದೆ ಹಾಕಬೇಡಿ ಮಾರಾಯ್ರೇ.