ಹಬ್ಬವಿಲ್ಲದ ದಿನಕ್ಕೊಂದು ಚಿತ್ರಪುಸ್ತಕ

ನಮಸ್ಕಾರ. ಹಬ್ಬ, ಹುಟ್ಟುಹಬ್ಬ ಇಲ್ಲದ ದಿನವೂ ಗೆಳೆಯರ ಜೊತೆ ಸಂಭ್ರಮವೇ ಅಂತ ಹೇಳುವ ಚಿತ್ರಪುಸ್ತಕ ಐದು ವರ್ಷದ ಮಗಳಿಗೆ ಕನ್ನಡದಲ್ಲಿ ಸಿಗುತ್ತಾ ಅಂತ ಕೇಳಿದ್ದೀರಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಮೊದಲು ಹುಡುಕಿ. ಮಕ್ಕಳ ಕಥೆಪುಸ್ತಕಗಳ ಈ ಜಾಲತಾಣ 2015ರಿಂದ ಇದೆ, ದುಡ್ಡು ಕೊಡಬೇಕಿಲ್ಲ. ಅವಳಿಗೆ ಹಂತ 1, ಅಂದರೆ ಓದಲು ಶುರುಮಾಡುವವರ ಪುಸ್ತಕಗಳು ಸಾಕು.

ಆದರೆ ನೀವೂ ಚಿಕ್ಕಮಗಳೂರಿನವರು ಅಂದಿರಲ್ಲ, ಹಾಗಾದರೆ ಒಂದು ಪುಸ್ತಕ ಮನೆಯಲ್ಲೇ ಮಾಡಿ. ನಾಲ್ಕು ಎ4 ಹಾಳೆಗಳನ್ನು ಮಧ್ಯಕ್ಕೆ ಮಡಚಿ ಹೊಲಿದರೆ 16 ಪುಟ ಆಗುತ್ತದೆ. ನಾನು ನನ್ನ ಮಗನ ಜೊತೆ ಮಾಡಿದ್ದು ಕಾಫಿ ಹೂವಿನ ದಿನದ ಕಥೆ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಮಲ್ಲಿಗೆಯಂಥ ಘಮ. ಮೂರ್ನಾಲ್ಕು ದಿನಕ್ಕೆ ಮುಗಿದೇ ಹೋಗುತ್ತದೆ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಅಂಕಿ ಇಲ್ಲ, ಅಲ್ವಾ? ಮಗ ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆ) ಗೆಳೆಯನನ್ನು ಕೂಗಿ ಕರೆದ. ಇಬ್ಬರೂ ಹೂವಿನ ಕೆಳಗೆ ಕೂತು ಅಕ್ಕಿರೊಟ್ಟಿ ತಿಂದರು. ಕಥೆ ಇಷ್ಟೇ, ನೂರು ಸಲ ಓದಿಸಿಕೊಂಡಿದ್ದಾನೆ!

ಪುಟಕ್ಕೆ ಒಂದೇ ವಾಕ್ಯ ಸಾಕು. ಮಗಳು ಹೇಳಿದ ಹಾಗೇ ಬರೆಯಿರಿ, ದಯವಿಟ್ಟು ತಿದ್ದಬೇಡಿ. ಕೊನೆಯ ಪುಟ ಖಾಲಿ ಬಿಡಿ, ಅಲ್ಲಿ ಅವಳ ಗೆಳತಿ ಚಿತ್ರ ಬಿಡಿಸಲಿ.